ಬಾಕಿ ಉಳಿದ ರಜೆ

ಪಿಸ್ಕಾಟವೇ, ನ್ಯೂಜೆರ್ಸಿ
26 ಆಗಸ್ಟ್ 2025, ಗೌರಿ ಹಬ್ಬದ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಭಾವನವರು ಸಿಹಿ ಬಿಟ್ಟರೋ, ಇಲ್ಲ ನಿನ್ನ ಕಣ್ಣು ತಪ್ಪಿಸಿ ತಿನ್ನುವುದನ್ನು ಇನ್ನೂ ಚೆನ್ನಾಗಿ ಕಲಿತರೋ? ನಾವಿಲ್ಲಿ ಕ್ಷೇಮ. ವಾಟ್ಸಾಪ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ನಿನಗೆ ಕಳಿಸಿದ ಮೆಸೇಜನ್ನು ನಿನ್ನ ಸೊಸೆ ಮೊದಲು ತಾನು ಓದಿ, ಆಮೇಲೆ ಮೈಸೂರಿನ ಅರ್ಧ ಬೀದಿಗೆ ಕೇಳುವ ಹಾಗೆ ನಿನಗೆ ಓದಿ ಹೇಳುತ್ತಾಳೆ. ಇದು ನೀನೊಬ್ಬಳೇ ಓದಬೇಕಾದದ್ದು. ಗೌರಿ ಹಬ್ಬದ ದಿನ ಹಬ್ಬದಡುಗೆಯವಳಿಗೆ ಇಷ್ಟುದ್ದ ಬರೆಯುವ ಪುರುಸೊತ್ತು ಎಲ್ಲಿಂದ ಬಂತು ಎಂದೂ ಕೇಳುತ್ತೀಯ. ಅದನ್ನು ಕೊನೆಗೆ ಹೇಳುತ್ತೇನೆ.

ಫೆಬ್ರವರಿಯಲ್ಲಿ ಮನೆ ಮುಂದೆ ಹಿಮದಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದೇನೆಂದರೆ, ನಾನು ಬಿದ್ದದ್ದು ಸುಮ್ಮನೆ ನೆಲದ ಮೇಲೆ ಕೂತ ಹಾಗೆ. ಅಷ್ಟಕ್ಕೆಲ್ಲ ಮೂಳೆ ಮುರಿಯಬಾರದು ಎಂದು ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ಮೂಳೆ ಸವೆದಿದೆಯಂತೆ. ಏನೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಮೊದಲ ಸಲ ಪೂರ್ತಿ ಲೆಕ್ಕ ಒಪ್ಪಿಸಿದೆ. ಮಕ್ಕಳಾಗದ ಹಾಗೆ ತೋಳಿಗೆ ಚುಚ್ಚುವ ಇಂಜೆಕ್ಷನ್, ಹನ್ನೆರಡು ವಾರಕ್ಕೊಂದು, ಹದಿನಾಲ್ಕು ವರ್ಷ, ಒಟ್ಟು ಅರವತ್ತು. ಬರೆಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

ಹಂಸಿನಿಯೊಬ್ಬಳೇ ಸಾಕು ಎಂದು ನಾನೂ ನಮ್ಮವರೂ ಕೂತು ತೀರ್ಮಾನಿಸಿದ್ದೆವು, ಶುರುವಾದದ್ದು ಅದಕ್ಕೇ. ಮೊದಲ ಆರು ತಿಂಗಳು ಅಷ್ಟಿಷ್ಟು ಕಂಡು ಆಮೇಲೆ ಮುಟ್ಟು ನಿಂತೇಹೋಯಿತು. ಅದು ನನ್ನ ಕಸುಬಿನ ಕೈಹಿಡಿದ ಹಾಗಾಯಿತು ಅಕ್ಕಾ. ಬೇರೆ ಅಡುಗೆಯವರು ಹಬ್ಬದ ಹಿಂದಿನ ದಿನ ಫೋನ್ ಮಾಡಿ ಆಗಲ್ಲ ಎನ್ನುತ್ತಿದ್ದರು. ಅನಸೂಯ ಮಾತ್ರ ಯಾವತ್ತೂ ಮಡಿಯಲ್ಲಿ, ಯಾವತ್ತೂ ಒಲೆ ಮುಂದೆ. ಮನ್ರೋದ ಮಂಜರಿ, ನನ್ನ ಖಾಯಂ ಗಿರಾಕಿ, ಎಲ್ಲರೆದುರು ಹೇಳುತ್ತಾಳೆ: “ಅನಸೂಯಾಂಟಿ, ನಿಮ್ದೊಂದು ಗ್ಯಾರಂಟಿ. ಕರೆಂಟ್ ಕೈ ಕೊಟ್ರೂ ನೀವು ಕೊಡಲ್ಲ.” ಬಾಗಿನಕ್ಕೆ ಕರೆದ ಮುತ್ತೈದೆ ಕೊನೇ ಗಳಿಗೆಯಲ್ಲಿ ಹೊರಗಾದರೆ ಫೋನು ನನಗೇ. ನಮ್ಮ ಬೇಸ್‌ಮೆಂಟಿನ ಒಂದು ಗೋಡೆ ಪೂರ್ತಿ ಬಾಗಿನದ ಮೊರಗಳೇ. ನಮ್ಮವರ ಆಯುಷ್ಯಕ್ಕೆ ಇಷ್ಟೊಂದು ಮಂದಿ ಗ್ಯಾರಂಟಿ ಕೊಟ್ಟಿರುವಾಗ ಅವರು ಕೊಲೆಸ್ಟ್ರಾಲ್ ಮಾತ್ರೆ ಮರೆಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಇಂಜೆಕ್ಷನ್ ಮೂಳೆ ಸವೆಸಬಹುದು, ಎರಡು ವರ್ಷವಾದ ಮೇಲೆ ಯೋಚಿಸಬೇಕು ಎಂದು ಮೊದಲ ಕ್ಲಿನಿಕ್ಕಿನ ನರ್ಸ್ ಹೇಳಿದ್ದಳು. ಯೋಚಿಸಿ ಕ್ಲಿನಿಕ್ ಬದಲಾಯಿಸಿದೆ. ಹೊಸ ಫಾರಂನಲ್ಲಿ ಎಷ್ಟು ಕಾಲದಿಂದ ಎಂದು ಕೇಳಿದ ಕಡೆ ‘ಇತ್ತೀಚೆಗೆ’ ಎಂದು ಬರೆದೆ. ಹೀಗೆ ನಾಲ್ಕು ಕ್ಲಿನಿಕ್. ಬೇಳೆ ಬೆಲ್ಲದಲ್ಲಿ ಚಿಟಿಕೆ ತಪ್ಪದವಳು ನನ್ನ ಮೈಯ ಲೆಕ್ಕವನ್ನು ನಾಲ್ಕು ಪುಸ್ತಕಗಳಲ್ಲಿ ಹರಿದು ಹಂಚಿದೆ, ಯಾರೂ ಕೂಡಿಸದಿರಲಿ ಎಂದು.

ಕೊನೆಯದು ಹೋಬೋಕನ್‌ನಲ್ಲಿತ್ತು. ಚುಚ್ಚಿಸಿಕೊಂಡು ಬಂದು ನದಿ ದಂಡೆಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಫೆರಿ ಆಚೆ ಹೋಗುತ್ತಿತ್ತು, ಈಚೆ ಬರುತ್ತಿತ್ತು, ಅದು ಎಳೆದ ಬಿಳಿ ಗೆರೆ ನೀರಿನಲ್ಲಿ ಅಗಲವಾಗಿ, ಮಸುಕಾಗಿ, ಇಲ್ಲವಾಗುತ್ತಿತ್ತು. ತಿಂಗಳಿಗೊಂದು ಗುರುತು ಇಲ್ಲದೆ ಹೋದರೆ ವರ್ಷಗಳೂ ಹಾಗೇ. ಮೂವತ್ತೈದರಲ್ಲಿ ಎಲ್ಲೋ ಕಣ್ಣು ಮುಚ್ಚಿ, ನಲವತ್ತೊಂಬತ್ತರಲ್ಲಿ ಆ ಬೆಂಚಿನ ಮೇಲೆ ಬಿಟ್ಟೆನೇನೋ ಎನ್ನಿಸುತ್ತದೆ. ಆ ಅರೆನಿದ್ದೆಯಲ್ಲಿ ಯಾವಾಗಲೂ ಕಾಣುತ್ತಿದ್ದದ್ದು ನಮ್ಮ ಹಿತ್ತಿಲ ಕೋಣೆ, ಚಾಪೆ, ಅದರ ಮೇಲೆ ಕಾಲು ಚಾಚಿ ಪತ್ರಿಕೆ ಓದುತ್ತಿದ್ದ ನೀನು. ನಾನು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಪೊರಕೆ ಹಿಡಿಯಿಂದ ನಿನ್ನತ್ತ ತಳ್ಳುತ್ತಿದ್ದೆ. ಪಾಪ ಅಕ್ಕ ಎಂದರೆ ನೀನು ನಗುತ್ತಿದ್ದೆ: “ಪಾಪ ಏನೇ ಬಂತು? ಮೂರು ದಿನ ರಜಾ ಕಣೇ. ಅಮ್ಮನೂ ಕೂಗೋ ಹಾಗಿಲ್ಲ.” ಮೊನ್ನೆ ಸುಮ್ಮನೆ ಲೆಕ್ಕ ಹಾಕಿದೆ. ಮೊದಲ ಆರು ತಿಂಗಳು ಬಿಟ್ಟರೆ ನೂರ ಅರವತ್ತೆರಡು ತಿಂಗಳು, ತಿಂಗಳಿಗೆ ಮೂರರಂತೆ ನಾನೂರ ಎಂಬತ್ತಾರು ದಿನ. ಇಷ್ಟು ರಜೆ ನನಗೆ ಬಾಕಿ ಇದೆ.

ಇಂಜೆಕ್ಷನ್ ನಿಲ್ಲಿಸಿ ಏಳು ತಿಂಗಳಾಗುತ್ತ ಬಂತು. ಮತ್ತೆ ಬಂದರೂ ಬರಬಹುದು, ಇಲ್ಲವೇ ಒಳಗೊಳಗೇ ಯಾವಾಗಲೋ ಮುಗಿದೂ ಹೋಗಿರಬಹುದು, ಎರಡು ಸಲ ರಕ್ತ ನೋಡಿ ಹೇಳುತ್ತೇನೆ ಎಂದರು ಡಾಕ್ಟರಮ್ಮ. ವಸಂತವೆಲ್ಲ ಕಾದೆ. ಸೊಂಟ ಸ್ವಲ್ಪ ನೊಂದರೂ ಎದ್ದು ಹೋಗಿ ನೋಡುತ್ತಿದ್ದೆ, ಊರಿಗೆ ಹೋದವರು ಬಂದರೋ ಎಂದು ಕಿಟಕಿಯ ಪರದೆ ಸರಿಸಿದ ಹಾಗೆ. ನಿನ್ನಿಂದ ಒಂದು ವಿಷಯ ಬೇಕು. ಅಮ್ಮನಿಗೆ ಯಾವಾಗ ನಿಂತಿತು? ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಎಷ್ಟು ವಯಸ್ಸು? ಮೂಳೆಗೆ ಔಷಧಿ ಕೊಡಲು ಅದು ಬೇಕಂತೆ. ಅಮ್ಮನ ಹುಳಿಪುಡಿಯ ಅಳತೆ ಬಾಯಿಪಾಠ ಬರುವ ನನಗೆ ಇದೊಂದೂ ಗೊತ್ತಿರಲಿಲ್ಲ. ನಿನಗೆ ಯಾವಾಗ ನಿಂತಿತು ಎಂಬುದೂ ಗೊತ್ತಿಲ್ಲ. ನಾವಿಬ್ಬರು ಇಷ್ಟು ವರ್ಷ ಫೋನಿನಲ್ಲಿ ಏನು ಮಾತಾಡಿದೆವು, ಅಕ್ಕಾ?

ಕ್ಯಾಲ್ಸಿಯಂ ನುಂಗುತ್ತಿದ್ದೇನೆ, ದಿನಾ ನಡೆಯುತ್ತಿದ್ದೇನೆ, ಚಿಂತೆ ಮಾಡಬೇಡ. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ. ಸೊಸೆಗೆ ಆಶೀರ್ವಾದ, ಕಾಗದ ತೋರಿಸದೆ. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊ.

ನಿನ್ನ ತಂಗಿ,
ಅನಸೂಯ

ಮತ್ತೆ: ಕೊನೆಗೆ ಹೇಳುತ್ತೇನೆ ಎಂದಿದ್ದೆನಲ್ಲ. ಹೋದ ವಾರ ಸೋಮವಾರ ಎರಡನೇ ರಿಪೋರ್ಟ್ ಬಂತು. ಮುಗಿದಿದೆಯಂತೆ, ಇನ್ನು ಬರುವುದಿಲ್ಲ. ಯಾವ ವರ್ಷ ಮುಗಿಯಿತೆಂದು ಯಾರೂ ಹೇಳಲಾರರು. ನಾನು ಒಬ್ಬಟ್ಟು ತಟ್ಟುತ್ತಿದ್ದಾಗ ಹಿಂಬಾಗಿಲಿನಿಂದ ಹೋಗಿದೆ. ಮರುದಿನ ಮಂಜರಿ ಫೋನ್ ಮಾಡಿ, ಗೌರಿಗೆ ಎಂದಿನ ಹಾಗೆ ಬರ್ತೀರಲ್ಲ ಎಂದಳು. ಏನಾಯಿತೋ ನನಗೆ, “ಇಲ್ಲಮ್ಮ, ಲೆಕ್ಕ ಹಾಕಿದೆ, ಅಷ್ಟೊತ್ತಿಗೆ ನಾನು ಹೊರಗೆ” ಎಂದುಬಿಟ್ಟೆ. “ಆಂಟಿ, ನಿಮಗೂ ಆಗತ್ತಾ?” ಎಂದಳು. ಬಂದ ಆರ್ಡರುಗಳಿಗೆಲ್ಲ ಅದನ್ನೇ ಹೇಳಿದೆ. ಬೆಳಿಗ್ಗೆಯಿಂದ ಬೇಸ್‌ಮೆಂಟಿನಲ್ಲಿ ಚಾಪೆ ಹಾಸಿ ಕೂತಿದ್ದೇನೆ. ಇಲ್ಲಿನ ಕಿಟಕಿ ನೆಲದ ಮಟ್ಟಕ್ಕಿದೆ, ಹುಲ್ಲಿನೊಳಗಿಂದ ಬಿಸಿಲು ಸೋಸಿ ನನ್ನ ಪಾದದ ತನಕ ಬಂದಿದೆ. ಹಬ್ಬಕ್ಕೆಂದು ಬಂದ ಹಂಸಿನಿಗೆ ಹೇಗೆ ಮಾಡಬೇಕೆಂದು ಹೇಳಿಕೊಟ್ಟೆ. “ಅಮ್ಮಾ, ದಿಸ್ ಈಸ್ ಸೋ ವಿಯರ್ಡ್” ಎನ್ನುತ್ತಲೇ ತಟ್ಟೆಯನ್ನು ಪೊರಕೆ ಹಿಡಿಯಿಂದ ತಳ್ಳಿದಳು, ಸಾರು ಸ್ವಲ್ಪ ಚೆಲ್ಲಿತು. ಸುಳ್ಳು ಹೇಳಿ ಗೌರಿಗೆ ತಪ್ಪಿಸಿಕೊಂಡಳು ಎಂದು ಬೈಯುವುದಿದ್ದರೆ ಮೂರು ದಿನ ತುಂಬಿ ಗುರುವಾರ ಕಳೆದ ಮೇಲೆ ಬೈ. ಅಲ್ಲಿಯವರೆಗೆ ರಜೆ.