ಮೂವತ್ತು ಮನೆಗಳ ಜೋಳ

ಮಸ್ಕಿ, ೯ ಮೇ ೧೯೫೫, ಬೆಳಿಗ್ಗೆ

ಸ್ನಾನ, ಲಿಂಗಪೂಜೆ, ಚಹಾ. ಮತ್ತೆ ಚೀಟಿ ಬರೆಯಲು ಕೂತೆ. ಇನ್ನೊಂದು ಓಣಿ ಬಾಕಿ. ಮನೆಗೊಂದು ಚೀಟಿ, ಎಲ್ಲ ಗಡಿಗೆಗೆ. ಮಗಳು ಶೇಖರಮ್ಮನಿಗೆ ಕಾಲೇಜಿನವರು ರಜೆಯಲ್ಲಿ ಮಾಡಿ ತರಲು ಕೊಟ್ಟ ಕೆಲಸ ಇದು. ಹೈದರಾಬಾದಿನಲ್ಲಿ ಬಿ.ಕಾಂ., ಸ್ಟ್ಯಾಟಿಸ್ಟಿಕ್ಸ್ ಪೇಪರು. ಕಣ್ಣುಮುಚ್ಚಿ ಮೂವತ್ತು ಚೀಟಿ ಎತ್ತಬೇಕು. ಆ ಮನೆಗಳಿಗೆ ಹೋಗಿ, ತಿಂಗಳಿಗೆ ಎಷ್ಟು ಸೇರು ಜೋಳ ಬೇಕು ಎಂದು ಕೇಳಬೇಕು. ಮೂವತ್ತೇ ಮನೆ ಇಡೀ ಮಸ್ಕಿಯ ಪರವಾಗಿ ಮಾತಾಡುತ್ತವಂತೆ... ಸ್ಯಾಂಪಲ್. ನಾನೂ ಇಂಟರ್‌ವರೆಗೆ ಓದಿದವನು. ಪ್ರಾಬಬಿಲಿಟಿ ಎಂಬ ಹೆಸರು ಕೇಳಿದ್ದೆ, ಮುಖ ನೋಡಿರಲಿಲ್ಲ.

ಇದು ಸರಿಬಂದರೆ ಪ್ರೊಫೆಸರರು ಹಾಸ್ಟೆಲಿನ ಪುಕ್ಕಟೆ ಜಾಗಕ್ಕೆ ಶಿಫಾರಸು ಮಾಡುತ್ತಾರೆ. ಇಲ್ಲವಾದರೆ ಕೊನೆಯ ವರ್ಷ ಇಲ್ಲ. ನನ್ನಕ್ಕ ಬಸವಣ್ಣೆಮ್ಮ ಆಗಲೇ ಅವಳಿಗೆ ಗೊರೇಬಾಳದ ಗಂಡು ನೋಡಿಟ್ಟಿದ್ದಾಳೆ.

ಅದೇ ದಿನ, ಸಂಜೆ

ಚೀಟಿ ಎತ್ತಿದಳು. ಮೊದಲು ಗೌಡರ ವಾಡೆ. ಅದರ ಬೆನ್ನಿಗೇ ಒಂಟಿ ಮುದುಕಿ ಪಕೀರಮ್ಮನ ಗುಡಿಸಲು. ಎರಡೂ ಒಂದೇ ಅಳತೆಯ ಕಾಗದ. ಚೀಟಿಗೆ ಯಾರ ಗುರುತೂ ಇಲ್ಲ. ಈಕ್ವಲ್ ಚಾನ್ಸ್ ಎಂದಳು. ಎಲ್ಲರೂ ಸಮ ಎಂದು ಎಷ್ಟೋ ಸಲ ಬಾಯಲ್ಲಿ ಹೇಳಿದ್ದೇನೆ. ಕಣ್ಣಿಂದ ನೋಡಿದ್ದು ಇವತ್ತೇ.

೧೧ ಮೇ

ಹನ್ನೆರಡು ಮನೆ ಮುಗಿಸಿದೆವು. ಹೆಂಡತಿ ಹೋದ ಮೇಲೆ ಯಾರ ಜೊತೆಗೂ ಇಷ್ಟು ನಡೆದಿರಲಿಲ್ಲ. ಬಿಸಿಲು ಬಿಸಿಲೆನಿಸಲಿಲ್ಲ.

ಆದರೆ... ಹನ್ನೊಂದು ಜನರ ಸಂಸಾರ ಮುದುಕಪ್ಪನದು, ಮಕ್ಕಳು ಗರಡಿ ಆಳುಗಳು. ಇಪ್ಪತ್ತು ಸೇರು ಎಂದ. ಗೌಡರೂ ಇಪ್ಪತ್ತು. ಕೊನೆಗೆ ಪಕೀರಮ್ಮ — ಇಪ್ಪತ್ತು.

“ನೀ ಒಬ್ಬಾಕಿ, ಇಪ್ಪತ್ತು ಸೇರು ಹೆಂಗ ತಿಂತೀ ಬೇ?”

“ಎಲ್ಲಾರೂ ಎಷ್ಟ ಬರಸ್ಯಾರೋ ಅಷ್ಟ ಬರಕೋರಿ ಸಾಹೇಬ್ರ. ನಂದೊಂದು ಬ್ಯಾರೆ ಯಾಕ?”

ಮನೆಗೆ ಬಂದು ಲೆಕ್ಕ ಹಾಕಿದಳು. “ಸ್ಟ್ಯಾಂಡರ್ಡ್ ಡೀವಿಯೇಶನ್ ಸೊನ್ನೆ ಅಪ್ಪಾ. ಹನ್ನೆರಡೂ ಮನಿ ಇಪ್ಪತ್ತ, ಒಂಚೂರೂ ಫರಕ ಇಲ್ಲ.”

“ಛಲೋ ಆತಲ್ಲ?”

“ಮನಿ ಮನಿಗೆ ಹೊಟ್ಟಿ ಬ್ಯಾರೆ ಇರತೈತಿ. ಸುಳ್ಳಷ್ಟ ಒಂದ ಇರತೈತಿ.”

ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದೆ. ಇಪ್ಪತ್ತು ವರ್ಷದ ಹುಡುಗಿ.

೧೨ ಮೇ

ಶೇಖರಮ್ಮ ಒಬ್ಬಳೇ ಹೋಗಿ ಪಕೀರಮ್ಮನನ್ನು ಕೇಳಿ ಬಂದಳು. ಮುದುಕಿ ಅಂದದ್ದು ಇಷ್ಟು: “ನಿಮ್ಮಪ್ಪ ಲೇವಿ ಸಾಹೇಬ ಅಲ್ಲೇನವ್ವ? ಹಗೇವಿನ ಬಾಯಿ ತಗಸಿ, ಮನಿಗೆ ತಿಂಗಳಿಗೆ ಇಪ್ಪತ್ತು ಸೇರು ಬಿಟ್ಟು, ಉಳದ ಜೋಳ ಒಯ್ತಿದ್ರು. ಹೆಚ್ಚಿಗಿ ತಿಂತೀವಿ ಅಂದ್ರ ಬಚ್ಚಿಟ್ಟಂಗ. ಕಡಿಮಿ ಅಂದ್ರ ಅದನ್ನೂ ಬಿಡೂದಿಲ್ಲ.”

ಹೌದು. ನೆಲದ ಹಗೇವುಗಳಿಗೆ ಇಳಿದು ಕಾಳು ಅಳೆಸಿದ ಗುಮಾಸ್ತ ನಾನೇ. ಸರ್ಕಾರಕ್ಕೆ ಕಡ್ಡಾಯವಾಗಿ ಕಾಳು ವಸೂಲಿ ಮಾಡುತ್ತಿದ್ದ ಆ ಲೇವಿ ಕಚೇರಿ ಮುಚ್ಚಿ ಏಳು ವರ್ಷ. ನನ್ನ ಮುಖ ಕಂಡೊಡನೆ ಊರಿನ ಬಾಯಿಗೆ ಅದೇ ಅಂಕಿ ಬರುತ್ತದೆ. ವಾಡೆಯಲ್ಲೂ ಅದೇ, ಗುಡಿಸಲಲ್ಲೂ ಅದೇ. ಎಂಥ ಅಳತೆ!

“ಮೊದಲಿಂದ ಹೋಗಬೇಕು ಅಪ್ಪಾ. ನಾ ಒಬ್ಬಾಕಿನ.”

“ಓಣಿ ತುದಿತನಕ ಬರತೀನಿ.”

“ಓಣಿ ತುದಿಗೂ ಬ್ಯಾಡ.”

ಅಕ್ಕ ರೇಗಿದಳು. “ಲಗ್ನಕ್ಕ ಬಂದ ಹುಡುಗಿ ಮನಿ ಮನಿ ತಿರುಗಿದರ ಗೊರೇಬಾಳದವರು ಏನಂದಾರು?”

“ಎಷ್ಟ ಸೇರು ಅಂದಾರು ಅತ್ತಿ?” ಎಂದಳು ಶೇಖರಮ್ಮ. ಅಕ್ಕನಿಗೂ ನಗು ಬಂತು, ತೋರಿಸಲಿಲ್ಲ.

ಹೋಗು ಎಂದೆ. ಅನ್ನುವುದು ಸುಲಭವಾಗಿರಲಿಲ್ಲ.

೧೮ ಮೇ

ಇಷ್ಟು ದಿನ ಏನೂ ಬರೆಯಲಿಲ್ಲ. ಕಟ್ಟೆಯ ಮೇಲೆ ಕೂತವನಿಗೆ ಬರೆಯುವುದೇನು?

ಇವತ್ತು ಕರೆದು ತೋರಿಸಿದಳು. ಇಪ್ಪತ್ತೈದು ಮನೆ ಆಗಿದೆ. ಮುದುಕಪ್ಪನ ಮನೆಗೆ ನೂರಾ ನಲವತ್ತು ಸೇರು — ಅವನ ಸೊಸೆ ನಗುನಗುತ್ತ ಹೇಳಿದಳಂತೆ. ಪಕೀರಮ್ಮನದು ಎಂಟು. ಪ್ರತಿ ಮನೆಯ ಜೋಳವನ್ನು ತಲೆಗೆ ಹಂಚಿ, ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮನೆಗೊಂದು ಶೇಂಗಾ ಬೀಜ ಇಟ್ಟಿದ್ದಳು. ಏಳು ಸೇರಿನ ಗೆರೆಯಲ್ಲಿ ಒಂದು. ಎಂಟು, ಒಂಬತ್ತರಲ್ಲಿ ಹೆಚ್ಚು. ಹತ್ತರಲ್ಲಿ ಎತ್ತರದ ಸಾಲು. ಮತ್ತೆ ಇಳಿಯುತ್ತ, ಹದಿಮೂರಕ್ಕೆ ಒಂದೇ ಬೀಜ.

ಕಿಟಕಿಯಲ್ಲಿ ಮಸ್ಕಿಯ ಗುಡ್ಡ. ನೆಲದ ಮೇಲೆ ಇನ್ನೊಂದು. ನಾರ್ಮಲ್ ಕರ್ವ್ ಇದರ ಹೆಸರಂತೆ. ಮೂವತ್ತು ಆಗಲಿ, ಈಗಲೇ ಅನ್ನಬ್ಯಾಡ ಎಂದಳು. ಯಾರೂ ಯಾರನ್ನೂ ಕೇಳಿ ಉಂಡವರಲ್ಲ. ತಂತಮ್ಮ ಒಲೆ, ತಂತಮ್ಮ ಹಸಿವು. ಆದರೂ ಎಲ್ಲರೂ ಕೂಡಿ ಒಂದು ಗುಡ್ಡ ಕಟ್ಟಿದ್ದಾರೆ — ಅವರಿಗೇ ಗೊತ್ತಿಲ್ಲ. ಕೈ ಮುಗಿಯಬೇಕೆನಿಸಿತು. ಯಾರಿಗೆ ಎಂದು ತಿಳಿಯಲಿಲ್ಲ.

೨೧ ಮೇ, ಸಂಜೆ ನಾಲ್ಕು

ಗೊರೇಬಾಳದವರು ಹೇಳದೆ ಬಂದರು. ಹುಡುಗನ ತಂದೆ ಶಿವಶರಣಪ್ಪನವರು, ಅವರ ತಮ್ಮ. ಶೇಖರಮ್ಮ ಮೂವತ್ತನೇ ಮನೆಗೆ ಹೋಗಿದ್ದಳು, ಎರಡು ಓಣಿ ಆಚೆ. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

“ಹೋಗಿ ಕರಕೊಂಡ ಬಾ.”

“ನಾ ಹೋದರ ಆ ಮನಿಯವರು ಇಪ್ಪತ್ತು ಅಂತಾರಕ್ಕ.”

“ಅನ್ನಲಿ. ಒಂದ ಮನಿ ಅಲ್ಲೇನು?”

ಒಂದೇ ಮನೆ. ಚಪ್ಪಲಿ ಮೆಟ್ಟಿದೆ, ಬಾಗಿಲು ದಾಟಿದೆ. ನಿಂತೆ. ಆ ಮನೆಗೂ ಉಳಿದವುಗಳಷ್ಟೇ ಪಾಲು... ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೆ.

ಶಿವಶರಣಪ್ಪನವರು ಬಾಗಿಲು ನೋಡಿದರು. “ಹುಡುಗಿ ಎಲ್ಲಿ ಹೋಗ್ಯಾಳ್ರಿ?”

“ಕಾಲೇಜಿನ ಕೆಲಸಕ್ಕರೀ.”

“ಯಾವಾಗ ಮುಗೀತೈತಿ?”

“ಇನ್ನೊಂದು ವರ್ಷ ಐತ್ರಿ.”

ಮೊದಲು ನಕ್ಕರು. ನಾನು ನಗಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದರು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಓಣಿಯಲ್ಲಿ ಹೆಜ್ಜೆ ಸಪ್ಪಳ. ಅವಳೇ. ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತ, ಮೂವತ್ತನೇ ಮನೆಯ ಅಂಕಿ ಹೇಳುತ್ತಿದ್ದಾಳೆ, ಇಪ್ಪತ್ತಲ್ಲ —