ಆರುನೂರು ಮೀಟರ್‌ವರೆಗೆ

ಆಗಸ್ಟ್ 13, 2006. ಭಾನುವಾರ. ಬೆಳಿಗ್ಗೆ 7.20

ಇವತ್ತೂ ನಾಲ್ಕು ಕಿಲೋಮೀಟರಿಗೇ ಮುಗಿಯಿತು. ಎಡಗಾಲಿನ ಮೀನಖಂಡ. ಮೊದಲು ಬಿಗಿತ, ಆಮೇಲೆ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ಲೋಧಿ ಗಾರ್ಡನ್ನಿನ ಬೆಂಚಿನಲ್ಲಿ ಕೂತು ತಿಕ್ಕಿಕೊಂಡೆ. ಕುಂಟುತ್ತ ಮನೆಗೆ.

ಅಕ್ಟೋಬರ್ 15ಕ್ಕೆ ದಿಲ್ಲಿ ಹಾಫ್ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರ್. ಹೆಸರು ಕೊಟ್ಟಾಗಿದೆ. ಕೊಟ್ಟದ್ದು ಸಿಟ್ಟಿಗೆ. ಆಫೀಸಿನ ಲಿಫ್ಟ್ ಮುಂದೆ ನಿಂತಿದ್ದಾಗ ನಮ್ಮ ಅಂಡರ್ ಸೆಕ್ರೆಟರಿ, "ಅರೇ, ಸ್ಪೋರ್ಟ್ಸ್ ಕೋಟಾ ಮೇಡಂ ಭೀ ಲಿಫ್ಟ್ ಸೇ?" ಎಂದರು — ಓಟದಿಂದ ಕೆಲಸ ಗಿಟ್ಟಿಸಿದವಳೂ ಲಿಫ್ಟಲ್ಲೇ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೇ ಮಹಡಿ ಬರುವಷ್ಟರಲ್ಲಿ ನಗು ಇಳಿದಿತ್ತು. ಇಪ್ಪತ್ತೆರಡು ವರ್ಷದಿಂದ ಆ ಕೋಟಾದ ಅನ್ನ ಉಣ್ಣುತ್ತಿದ್ದೇನೆ. ಓಡಿದ್ದು ಯಾವ ಕಾಲದಲ್ಲೋ...

ಆಗಸ್ಟ್ 22. ಸಂಜೆ

ಮುಲಾಮು, ಬಿಸಿನೀರು, ಪತಿರಾಯ ರಾಘವನ ಹಳೇ ಕ್ರೇಪ್ ಬ್ಯಾಂಡೇಜ್ — ಎಲ್ಲ ಆಯಿತು. ಎರಡು ದಿನ ಬಿಟ್ಟು ಓಡಿದೆ. ಮೂರೇ ಕಿಲೋಮೀಟರಿಗೆ ಹಿಡಿದುಕೊಂಡಿತು.

ರಾಘವ: "ಡಾಕ್ಟರಿಗೆ ತೋರಿಸು."

"ತೋರಿಸಿದರೆ ಓಡಬೇಡಿ ಅಂತಾರೆ."

"ಮತ್ತೇನು ಅನ್ನಬೇಕು? ನಲವತ್ತನಾಲ್ಕು ನಿನಗೆ."

ಪ್ರಣೀತಾ ಹೋಂವರ್ಕಿನಿಂದ ತಲೆ ಎತ್ತದೆ, "ಅಮ್ಮಾ, ಛೋಡ್ ದೋ ನಾ. ಯೂ ವಾಕ್ ಲೈಕ್ ಅಜ್ಜಿ ನೌ."

ಮಗಳಿಗೆ ಹದಿನೈದು. ಅವಳಮ್ಮ ಓಡಿದ್ದನ್ನು ಅವಳು ನೋಡಿಯೇ ಇಲ್ಲ.

ಆಗಸ್ಟ್ 27. ಭಾನುವಾರ. ಗಣೇಶ ಚೌತಿ

ಬರೆದುಬಿಡಬೇಕು.

ಕನ್ನಡ ಸಂಘದಲ್ಲಿ ಪೂಜೆ. ಊಟದ ಸಾಲಿನಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಒಂದು ದನಿ — "ಎಡಗಾಲು ತಾನೆ?"

ತಿರುಗಿ ನೋಡಿದರೆ ದೇವೇಂದ್ರಪ್ಪ ಸರ್. ಕೂದಲು ಪೂರ್ತಿ ಬೆಳ್ಳಗೆ, ಕೈಯಲ್ಲಿ ಕೋಲು. ಇಪ್ಪತ್ತನಾಲ್ಕು ವರ್ಷ ಆಗಿತ್ತು ನೋಡಿ.

"ಸರ್... ನನ್ನ ಗುರುತು ಸಿಕ್ಕಿತಾ?"

"ಮುಖ ಮರ್ತಿತ್ತು. ನಡಿಗೆ ಮರ್ತಿಲ್ಲ. ಯಾಕಮ್ಮ ಹರಿಣಿ, ಮತ್ತೆ ಓಡ್ತಿದೀಯಾ?"

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಬರಿಗಾಲಲ್ಲಿ ಓಡುತ್ತಿದ್ದವಳಿಗೆ ಮೊದಲ ಸ್ಪೈಕ್ಸ್ ಶೂ ಕೊಡಿಸಿದವರು ಇವರು. ಬೆಳಿಗ್ಗೆ ಐದಕ್ಕೆ ನಮ್ಮ ಮನೆ ಮುಂದೆ ಸೈಕಲ್ ಬೆಲ್. ಅಪ್ಪ ಗೊಣಗಿದರೆ, "ಇವಳನ್ನ ಏಷ್ಯಾಡಿಗೆ ಕಳಿಸ್ತೀನಿ ಸ್ವಾಮಿ, ನೀವು ಮಲಗಿ" ಎನ್ನುತ್ತಿದ್ದರು. 1982ರ ಮೇ, ಪಟಿಯಾಲಾ. ಏಷ್ಯಾಡ್ ಕ್ಯಾಂಪಿಗೆ ಆಯ್ಕೆಯ ಓಟ. ಎಂಟುನೂರು ಮೀಟರ್. ಆರುನೂರರ ಹತ್ತಿರ ಎಡ ಮೀನಖಂಡ ಹರಿಯಿತು. ಬಿದ್ದೆ. ಅಷ್ಟೇ. ರಾಜ್ಯಮಟ್ಟದ ಮೆಡಲುಗಳ ಮೇಲೆ ಈ ನೌಕರಿ ಬಂತು, ದಿಲ್ಲಿಗೇ ಬಂದೆ. ಮನೆ ಸಿಕ್ಕಿದ್ದೂ ಎಲ್ಲಿ? ಏಷ್ಯಾಡಿಗೆಂದು ಕಟ್ಟಿದ ಸ್ಟೇಡಿಯಂನಿಂದ ಕೂಗಳತೆಯಲ್ಲಿ.

ಸರ್ ಈಗ ದ್ವಾರಕಾದಲ್ಲಿ, ಮಗಳ ಫ್ಲ್ಯಾಟಿನಲ್ಲಿ. "ಭಾನುವಾರ ಬಾ. ಶೂ ತಗೊಂಡು ಬಾ. ಆಫೀಸಿಗೆ ಹಾಕೋ ಚಪ್ಪಲೀನೂ ತಗೊಂಡು ಬಾ."

ಚಪ್ಪಲಿ ಯಾಕೋ.

ಸೆಪ್ಟೆಂಬರ್ 3. ಭಾನುವಾರ

ಮೆಟ್ರೋದಲ್ಲಿ ದ್ವಾರಕಾ. ಸರ್ ಹೆಂಡತಿ ಲೀಲಮ್ಮನವರು ಬಾಗಿಲಲ್ಲೇ ಕೈ ಹಿಡಿದುಕೊಂಡರು — "ಎಷ್ಟು ದಪ್ಪ ಆಗಿದೀಯಾ ಅಂತ ಕೇಳಲ್ಲ ಬಾರಮ್ಮ, ನಾನೂ ಆಗಿದೀನಿ." ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಪ್ರಾಕ್ಟೀಸ್ ಮುಗಿದ ಮೇಲೆ ಸರ್ ಕೊಡಿಸುತ್ತಿದ್ದದ್ದು ಅದೇ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಖಾರ ಎಂದೆ.

ಸರ್ ನನ್ನ ಶೂ ತಿರುಗಿಸಿ ನೋಡಿದರು. ಹಿಮ್ಮಡಿ ಒಂದೇ ಕಡೆ ಸವೆದಿದೆ. "ಬಿಸಾಕು." ಎತ್ತರದ ಹಿಮ್ಮಡಿಯ ಚಪ್ಪಲಿ ನೋಡಿ, "ಇಡೀ ದಿನ ಇದರ ಮೇಲೆ ನಿಂತು ಮೀನಖಂಡ ಗಿಡ್ಡ ಮಾಡ್ಕೊಂಡು, ಬೆಳಿಗ್ಗೆ ಒಮ್ಮೆಗೇ ಎಳೆದರೆ? ಅದು ನಿನ್ನ ಮಾತು ಯಾಕೆ ಕೇಳಬೇಕು?"

ಆಮೇಲೆ ಹೌಸಿಂಗ್ ಸೊಸೈಟಿಯ ಮೆಟ್ಟಿಲು. ಅಂಚಿನಲ್ಲಿ ಬೆರಳಿನ ಮೇಲೆ ನಿಲ್ಲುವುದು. ಎರಡೂ ಕಾಲಲ್ಲಿ ಏರುವುದು, ಒಂದೇ ಕಾಲಲ್ಲಿ ನಿಧಾನವಾಗಿ ಇಳಿಯುವುದು, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ. ಹದಿನೈದು ಸಲ. ಮಂಡಿ ನೆಟ್ಟಗಿಟ್ಟು ಒಮ್ಮೆ, ಮಡಿಸಿ ಒಮ್ಮೆ. ತರಕಾರಿ ಚೀಲ ಹಿಡಿದ ಹೆಂಗಸರು ಪಕ್ಕದಿಂದ ಹತ್ತಿ ಹೋದರು. ಒಬ್ಬಾಕೆ, "ಭಾಭೀಜೀ, ಘುಟ್ನೇ ಕಾ ದರ್ದ್ ಹೈ ಕ್ಯಾ?" ಎಂದು ಮಂಡಿನೋವು ವಿಚಾರಿಸಿದಳು.

ಓಟ ಹತ್ತು ದಿನ ಬಂದ್. ಆಮೇಲೆ ಹತ್ತು ನಿಮಿಷ ನಡೆದೇ ಶುರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನೋವು ಬಂದ ದಿನ ತಿಕ್ಕಬಾರದು — ಬಟ್ಟೆಯಲ್ಲಿ ಐಸ್ ಸುತ್ತಿ ಕಾಲು ಗಂಟೆ. ನಿಂಬೆಪಾನಿಗೆ ಉಪ್ಪು ಮರೆಯಬಾರದು.

"ಇದೆಲ್ಲ ಆಗ ಹೇಳಿರಲಿಲ್ಲ ನೀವು" ಎಂದು ನಕ್ಕೆ.

ಸರ್ ನಗಲಿಲ್ಲ.

ಸೆಪ್ಟೆಂಬರ್ 14. ಬೆಳಿಗ್ಗೆ 6.40

ಇಪ್ಪತ್ತು ನಿಮಿಷ. ಓಟ-ನಡಿಗೆ. ನೋವಿಲ್ಲ! ಹಲ್ಲುಜ್ಜುವಾಗಲೂ ಅಡುಗೆಮನೆ ಹೊಸ್ತಿಲ ಮೇಲೆ ಏರುವುದು, ಇಳಿಯುವುದು. ರಾಘವನಿಗೆ ನಗು. ಆಫೀಸಿಗೆ ಚಪ್ಪಟೆ ಚಪ್ಪಲಿ. ಎರಡಿಂಚು ಗಿಡ್ಡಳಾಗಿದ್ದೇನೆ, ಇಪ್ಪತ್ತು ವರ್ಷ ಚಿಕ್ಕವಳಾಗಿದ್ದೇನೆ.

ಸೆಪ್ಟೆಂಬರ್ 17. ಭಾನುವಾರ. ಸಂಜೆ

ಬರೆಯಲೋ ಬೇಡವೋ.

ಮೆಟ್ಟಿಲ ಮೇಲೆ ಕೂತಿದ್ದೆವು. ಪಟಿಯಾಲಾದ ಮಾತು ನಾನೇ ತೆಗೆದೆ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸೋಣ ಎನಿಸಿತು. "ಸರ್, ನಿಮಗೊಂದು ಸುಳ್ಳು ಹೇಳಿದ್ದೆ. ಹಿಂದಿನ ವಾರದಿಂದಲೇ ನೋವಿತ್ತು. ಹೇಳಿದರೆ ಓಡಿಸಲ್ಲ ಅಂತ ಮುಚ್ಚಿಟ್ಟೆ. ನಿಮ್ಮ ಕಷ್ಟವೆಲ್ಲ ಹಾಳು ಮಾಡಿದೆ."

ಸರ್ ಕೋಲಿನ ತುದಿ ನೋಡುತ್ತ ಕೂತರು.

"ನಂಗೆ ಗೊತ್ತಿತ್ತಮ್ಮ."

"ಏನು ಸರ್?"

"ಹಿಂದಿನ ಸಂಜೆ ಹಾಸ್ಟೆಲ್‌ನಿಂದ ಮೆಸ್ಸಿಗೆ ಹೋಗ್ತಿದ್ದೆ ನೀನು. ಕಾಲು ಎಳೀತಿತ್ತು. ಕಿಟಕೀಲಿ ನಿಂತು ನೋಡಿದೆ. ಬೇಡ ಅನ್ನಬಹುದಿತ್ತು. ನಮ್ಮ ಜಿಲ್ಲೆಯಿಂದ ಒಬ್ಬಳಾದ್ರೂ ಹೋಗ್ಲಿ, ನನ್ನ ಹೆಸರೂ ಬರ್ಲಿ ಅಂತ... ಕಿಟಕಿ ಮುಚ್ಚಿಬಿಟ್ಟೆ."

ಲೀಲಮ್ಮನವರ ಕಾಫಿ ಅರ್ಧ ಬಿಟ್ಟು ಎದ್ದೆ.

ಮೆಟ್ರೋದಲ್ಲಿ ಸಿಟ್ಟು ಬಂತು. ಇಪ್ಪತ್ತು ವರ್ಷದ ಹುಡುಗಿಯ ಸಿಟ್ಟು. ಇಷ್ಟು ದಿನ ಎಲ್ಲಿತ್ತೋ. ಇಳಿಯಬೇಕಾದ ಸ್ಟೇಷನ್ ದಾಟಿ ಹೋದೆ.

ಸೆಪ್ಟೆಂಬರ್ 30. ಶನಿವಾರ

ಹದಿಮೂರು ದಿನ ಬರೆದಿಲ್ಲ. ಓಡಿದ್ದೇನೆ. ಆರು, ಎಂಟು, ಹತ್ತು ಕಿಲೋಮೀಟರ್. ಸರ್ ಫೋನ್ ಎರಡು ಸಲ ಬಂತು, ಎತ್ತಲಿಲ್ಲ.

ಇವತ್ತು ಲೀಲಮ್ಮನವರದ್ದು. "ಅವರು ಮಾಡು ಅಂದಿಲ್ಲಮ್ಮ, ನಾನೇ ಮಾಡ್ತಿದೀನಿ. ನೀನು ಬಿದ್ದ ವರ್ಷವೇ ಟ್ರಾನ್ಸ್‌ಫರ್ ಕೇಳ್ಕೊಂಡ್ರು. ಆಫೀಸಲ್ಲಿ ಕೂತ್ರು. ಆಮೇಲೆ ಒಂದು ಮಗೂಗೂ ಓಟ ಕಲಿಸ್ಲಿಲ್ಲ."

ಪಾತ್ರೆ ತೊಳೆಯುತ್ತ ಯೋಚಿಸಿದೆ. ಆ ದಿನ ಸರ್ ಬೇಡ ಅಂದಿದ್ದರೆ? ಅತ್ತು, ಕಾಲು ಹಿಡಿದು, ಜಗಳ ಮಾಡಿ ಓಡುತ್ತಿದ್ದೆ. ಅದು ಸತ್ಯ. ಆದರೂ ಅವರು ಅನ್ನಬೇಕಿತ್ತು. ಅದೂ ಸತ್ಯ.

ಅಕ್ಟೋಬರ್ 1. ಭಾನುವಾರ

ಹೋದೆ. ಅವರು ಗೇಟಿನ ಹತ್ತಿರವೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸಿಟ್ಟು ಬಂದಿದೆ ಸರ್, ಇನ್ನೂ ಇದೆ" ಎಂದೆ.

"ಇರ್ಲಿ" ಎಂದರು. "ಹತ್ತಿಳಿ. ಹದಿನೈದು ಸಲ."

ಹತ್ತಿಳಿದೆ. ಹನ್ನೆರಡಕ್ಕೆ ಎಣಿಕೆ ತಪ್ಪಿದರು. ನಾನು ಸರಿ ಮಾಡಿದೆ.

ಅಕ್ಟೋಬರ್ 8. ಭಾನುವಾರ

ಹದಿನಾಲ್ಕು ಕಿಲೋಮೀಟರ್! ಇಂಡಿಯಾ ಗೇಟ್ ಸುತ್ತಿ ಬಂದೆ. ಮೈಯೆಲ್ಲ ಹಗುರ. ಮನೆ ಮೆಟ್ಟಿಲು ಹತ್ತುವಾಗ ಎಡಗಾಲಿನಲ್ಲಿ ಒಂದು ಚಳುಕು. ಏನಿಲ್ಲ. ಐಸ್ ಇಟ್ಟೆ.

ಅಕ್ಟೋಬರ್ 10

ಏನಿಲ್ಲ ಎನ್ನುವಂತಿಲ್ಲ. ಬೆರಳಲ್ಲಿ ಒತ್ತಿದರೆ ಒಂದು ಕಡೆ ನೋವು. ಸರ್ ಫೋನ್ ಮಾಡಿದ್ದರು.

"ಕಾಲು?"

"ಚೆನ್ನಾಗಿದೆ ಸರ್."

ಫೋನ್ ಇಟ್ಟು ಗೋಡೆಗೆ ಒರಗಿ ನಿಂತೆ. ಪ್ರಣೀತಾ ನೋಡುತ್ತಿದ್ದಳು. "ಅಮ್ಮಾ, ಝೂಠ್ ಕ್ಯೂಂ ಬೋಲಾ? ಸುಳ್ಳು ಯಾಕೆ?"

ಅಕ್ಟೋಬರ್ 12. ಗುರುವಾರ. ಸಂಜೆ 6

ನಂಬರ್ ತಂದೆ. ಎದೆಗೆ ಸಿಕ್ಕಿಸುವ ಕಾಗದ, ನಾಲ್ಕು ಪಿನ್ನು. ಕನ್ನಡಿ ಮುಂದೆ ಹಿಡಿದು ನೋಡಿದೆ. ಆಮೇಲೆ ದ್ವಾರಕಾಗೆ ಫೋನ್.

"ಸರ್, ನೋವಿದೆ."

ಆ ಕಡೆ ಕುರ್ಚಿ ಎಳೆದ ಸದ್ದು.

"ಎಲ್ಲಿ?"

"ಅಲ್ಲೇ. ಹಳೇ ಜಾಗದ ಸ್ವಲ್ಪ ಕೆಳಗೆ. ಭಾನುವಾರದಿಂದ. ಮೊನ್ನೆ ಸುಳ್ಳು ಹೇಳಿದೆ."

"ಒಂದು ಕಾಲಲ್ಲಿ ಹತ್ತು ಸಲ ಏರಿ ನೋಡು. ನಾನಿಲ್ಲೇ ಇರ್ತೀನಿ."

ರಿಸೀವರ್ ಮೇಜಿನ ಮೇಲಿಟ್ಟು ಏರಿದೆ. ನಾಲ್ಕಕ್ಕೆ ನಿಂತೆ. "ನಾಲ್ಕು, ಸರ್."

"ಏನ್ ಮಾಡ್ತೀಯಾ?"

"ನೀವು ಹೇಳಿ."

"ನಾನು ಹೇಳಬೇಕಾದಾಗ ಹೇಳ್ಲಿಲ್ಲ ಮಗಳೇ. ಈಗ ಹೇಳ್ತೀನಿ. ಬೇಡ."

"ನಾನೂ ಅದನ್ನೇ ಅನ್ಕೊಂಡೆ ಸರ್" ಎಂದೆ. ಆಮೇಲೆ ಅಳು ಬಂತು. ಆ ಕಡೆಯೂ ಬಂದಿರಬೇಕು, ಲೀಲಮ್ಮನವರು ಫೋನ್ ತೆಗೆದುಕೊಂಡು, "ಇಬ್ಬರೂ ಮೊದಲು ಊಟ ಮಾಡಿ" ಎಂದರು.

ಅಕ್ಟೋಬರ್ 15. ಭಾನುವಾರ. ಮಧ್ಯಾಹ್ನ

ಓಡಲಿಲ್ಲ. ನೋಡಲು ಹೋದೆವು. ಸರ್ ಬೆಳಿಗ್ಗೆ ಆರೂವರೆಗೇ ಟ್ಯಾಕ್ಸಿಯಲ್ಲಿ ಬಂದಿದ್ದರು, ಮಫ್ಲರ್ ಸುತ್ತಿಕೊಂಡು. ಲೋಧಿ ರೋಡಿನ ಫುಟ್‌ಪಾತ್ ಮೇಲೆ ಸರ್, ಪ್ರಣೀತಾ, ನಾನು. ಸಾವಿರಾರು ಕಾಲು ಹಾದು ಹೋದವು. ಸರ್ ಯಾರ ಮುಖವನ್ನೂ ನೋಡಲಿಲ್ಲ. "ಆ ನೀಲಿ ಚಡ್ಡಿಯವನು ಬೆರಳ ಮೇಲೆ ಓಡ್ತಿದಾನೆ. ಹದಿನೆಂಟು ಕಿಲೋಮೀಟರಿಗೆ ಹಿಡಿಯುತ್ತೆ." "ಈ ಹುಡುಗಿ ನೋಡು, ಚೆಂದ. ಹಿಮ್ಮಡಿ ನೋಡು!" ಪ್ರಣೀತಾಗೆ ಮಜಾ. ಅವಳೂ ಶುರು ಮಾಡಿದಳು — "ಸರ್, ವೋ ಅಂಕಲ್? ಹಿಡಿಯುತ್ತಾ?"

ನನ್ನ ಎದೆಯಲ್ಲಿ ಏನೋ ಕಚ್ಚುತ್ತಿತ್ತು, ಸುಳ್ಳು ಯಾಕೆ. ನಂಬರ್ ಪರ್ಸಿನಲ್ಲೇ ಇತ್ತು.

ಗುಂಪು ತೆಳುವಾದ ಮೇಲೆ ಸರ್ ಕೇಳಿದರು. "ಹರಿಣಿ, ನೀನು ಬಿದ್ದದ್ದೇ ಇಪ್ಪತ್ತನಾಲ್ಕು ವರ್ಷ ಕಣ್ಮುಂದೆ. ಅದಕ್ಕೆ ಮುಂಚೆ ಓಡಿದ್ಯಲ್ಲ, ಅದು ನನಗೆ ನೆನಪೇ ಆಗಲ್ಲ. ಹೇಗಿತ್ತಮ್ಮ?"

ಯಾರೂ ಕೇಳಿರಲಿಲ್ಲ. ಅಪ್ಪ ಕೇಳಲಿಲ್ಲ, ರಾಘವ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಗೊತ್ತಿಲ್ಲ ಸರ್" ಎಂದೆ. "ನೆನಪು ಮಾಡ್ಕೋತೀನಿ."

ಅಕ್ಟೋಬರ್ 29. ಭಾನುವಾರ. ಬೆಳಿಗ್ಗೆ 7.50

ದೀಪಾವಳಿಯ ಹೊಗೆ ಇನ್ನೂ ಗಾಳಿಯಲ್ಲಿದೆ. ಎರಡು ಕಿಲೋಮೀಟರ್, ಅರ್ಧ ನಡಿಗೆ. ನೋವಿಲ್ಲ. ಪ್ರಣೀತಾ ಜೊತೆಗೆ ಬಂದಿದ್ದಳು, ನನಗಿಂತ ಮೊದಲು ಸುಸ್ತಾದಳು. ಮುಂದಿನ ಭಾನುವಾರ ಅವಳೂ ದ್ವಾರಕಾಗೆ ಬರುತ್ತಾಳಂತೆ. ಸರ್‌ಗೆ ಇನ್ನೂ ಹೇಳಿಲ್ಲ.

ಬೆಂಚಿನ ಮೇಲೆ ಕೂತು ಕಾಲು ಚಾಚಿದಾಗ, ಹುಡುಕದೇ ನೆನಪಾಯಿತು.

ಪಟಿಯಾಲಾ. ಕಪ್ಪು ಬೂದಿಯ ಟ್ರ್ಯಾಕ್. ಬೆಳಿಗ್ಗೆ ನೀರು ಚಿಮುಕಿಸಿದ್ದರು, ಮಣ್ಣಿನ ವಾಸನೆ. ಆರಂಭದಲ್ಲಿ ಭಯ, ಕಾಲಿನ ಬಗ್ಗೆಯೇ ಭಯ. ಮೊದಲ ಸುತ್ತಿನ ಕೊನೆಗೆ ಗಂಟೆ ಬಾರಿಸಿದರು. ನಾನು ಐದನೆಯವಳು. ಆಗ ಭಯ ಹೋಯಿತು, ಯಾಕೋ ಗೊತ್ತಿಲ್ಲ. ಒಬ್ಬಳನ್ನು ದಾಟಿದೆ. ಇನ್ನೊಬ್ಬಳನ್ನು. ಉಸಿರು ತಾನೇ ಬರುತ್ತಿತ್ತು, ತಾನೇ ಹೋಗುತ್ತಿತ್ತು. ಟ್ರ್ಯಾಕಿನ ಆಚೆ ಬದಿಯ ನೇರ ದಾರಿಯಲ್ಲಿ ಗಾಳಿ ಬೆನ್ನಿಗೆ. ಕಾಲಿದೆ ಎನ್ನುವುದೇ ಮರೆತಿತ್ತು. ಬೇಲಿಯಾಚೆ ಸರ್ ಟೋಪಿ ಬೀಸುತ್ತ ಜೊತೆಗೇ ಓಡುತ್ತಿದ್ದರು, ಏನೋ ಕೂಗುತ್ತಿದ್ದರು, ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು, ನಗುತ್ತಿದ್ದರು. ಮುಂದೆ ಇಬ್ಬರೇ. ಅವರ ಜಡೆ ಕಾಣುತ್ತಿತ್ತು. ಹತ್ತಿರ ಬಂತು, ಇನ್ನೂ ಹತ್ತಿರ. ತಿರುವು ಇನ್ನೂ ಬಂದಿರಲಿಲ್ಲ, ನಾನು ಇನ್ನೂ ಜೋರು ಮಾಡಿದೆ, ಇನ್ನೂ—