ಹೊರಟೆ, ಟೀಗಿಡು

ಆಫೀಸಲ್ಲಿ ನಮ್ಮ ಮನೆಯವರ ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಸರ್ವರ್ ನೋಡ್ಕೊಳ್ತಿದ್ದ ತಮ್ಮನಿಗೆ, ನಿನ್ನ ಅತ್ತಿಗೆ ಬರೆಯೋದು.

ನಿಲ್ಲಿಸಿಬಿಟ್ಟೆ ಅತ್ತಿಗೆ ಅಂದೆಯಲ್ಲಪ್ಪ, ನಿನ್ನೆ ಸಂಜೆ ಮತ್ತೆ ಬಂತು ಮೆಸೇಜು: "ಹೊರಟೆ, ಟೀಗಿಡು." ಆಫೀಸಿಂದ ಹೊರಡುವಾಗ ಹೇಳೋಕೆ ಮರೀತಾರೆ ಅಂತ ನಾನು ಜಗಳ ಆಡಿದ್ದಕ್ಕೆ, ಸರ್ವರಲ್ಲಿ ತೆರೆಮರೆಯಲ್ಲಿ ಓಡೋ ಹಾಗೆ ಅವರೇ ಕೂರಿಸಿದ, ದಿನಾ ಸಂಜೆ ಈ ಮೆಸೇಜ್ ಕಳಿಸೋ ಪ್ರೋಗ್ರಾಂ ಅದು. ಹೆಂಡತಿಗೆ ಒಂದು ಮಾತು ಹೇಳೋಕೂ ಮಷೀನ್ ಬೇಕಾ ಅಂತ ಎಷ್ಟು ಆಡಿಕೊಂಡಿದ್ದೆ! ಅವರು ತೀರಿಕೊಂಡರೂ ಅದಕ್ಕೆ ಗೊತ್ತಾಗಿಲ್ಲ.

ಫೋನಲ್ಲಿ ನೀನು ಹೇಳಿದ್ದು ಅರ್ಥವಾಯ್ತು. ಆ ಪ್ರೋಗ್ರಾಂ ನಿಲ್ಲದ ಹಾಗೆ ಕಾಯೋಕೆ ಒಂದು ಆಟೋಮೇಷನ್ ಟೂಲ್ ಇದೆ. 'ಇದು ಸದಾ ನಡೀತಿರಬೇಕು' ಅಂತ ಅವರು ಅದರಲ್ಲಿ ಬರೆದಿಟ್ಟಿದ್ದಾರೆ. ಆ ಸಾಲು ತೆಗೆಯದೆ ನೀನು ಪ್ರೋಗ್ರಾಂ ಒಂದನ್ನೇ ನಿಲ್ಲಿಸಿದೆ, ಟೂಲು ಅದನ್ನ ಮತ್ತೆ ಎಬ್ಬಿಸಿತು. ಹೋಗಲಿ ಬಿಡು, ತಪ್ಪು ಯಾರು ತಾನೇ ಮಾಡಲ್ಲ? ಆದರೆ ನಿನ್ನೆ ನಾನು ಮೇಲಿನ ಕಪಾಟಿಗೆ ಸೇರಿಸಿದ್ದ ಅವರ ಲೋಟ ಇಳಿಸಿ, ಇಬ್ಬರಿಗೂ ಟೀಗಿಟ್ಟು, ಹಾಲು ಉಕ್ಕಿದ ಮೇಲೇ ಎಚ್ಚೆತ್ತಿದ್ದು. ಮಗಳು ಬಂದು ಒಲೆ ಒರೆಸಿದಳು.

ಅದಕ್ಕೇ ಈ ಸಲ ಆ ಸಾಲನ್ನೂ ಸೇರಿಸಿ ಬುಡಸಮೇತ ಕಿತ್ತುಹಾಕು. ಇನ್ನೊಂದಷ್ಟು ದಿನ ಇರಲಿ ಅಂತ ನಾನೇ ಫೋನ್ ಮಾಡಿದರೂ ಕಿವಿಗೆ ಹಾಕ್ಕೋಬೇಡ. ಅವರ ಸ್ವೆಟರ್ ಆಫೀಸಿನ ಕುರ್ಚಿ ಮೇಲೇ ಇದ್ದರೆ, ಮಗಳನ್ನ ಕಳಿಸ್ತೀನಿ, ಅವಳ ಕೈಲಿ ಕೊಡು, ಒಗೆಸೋಕೆ ಹೋಗಬೇಡ.

ಕೀಳೋಕೆ ಮುಂಚೆ ಮಾತ್ರ ನನಗೊಂದು ಮಾತು ಹೇಳಪ್ಪ. ಅವರು ಹೇಳದೇ ಹೊರಟುಬಿಟ್ಟರು.

ನಿನ್ನ ಅತ್ತಿಗೆ